ಫ್ಲೋಸಿ ಬಾಯಿ ಮತ್ತು ಉರ್ಬಿಯಾದ ಮಂಜು

ಫ್ಲೋಸಿ ಬಾಯಿಯದು ದೊಡ್ಡ ಗಂಟಲು. ಅಬುಧಾಬಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರು ಒಂದು ವಾರ್ಡಿನಲ್ಲಿ ನಿಂತು ಯಾರನ್ನಾದರೂ ಕರೆದರೆ ಪಕ್ಕದ ವಾರ್ಡಿನ ರೋಗಿಗಳೂ ಎದ್ದು ಕೂರುತ್ತಿದ್ದರು. ನಾನು ಅವರನ್ನು ಮೊದಲ ಸಲ ಕಂಡಾಗ ನನ್ನ ಮೈಮೇಲೆ ಬೆನ್ನ ಹಿಂದೆ ಲಾಡಿ ಕಟ್ಟುವ ಆಸ್ಪತ್ರೆಯ ಅಂಗಿಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ. ಆ ಲಾಡಿಯೂ ಬಿಚ್ಚಿಹೋಗಿತ್ತು.

"ಶೆಟ್ಟಿ ಅಂತ ಉಂಟಲ್ಲ ಹೆಸರು. ಊರಲ್ಲಿ ಎಲ್ಲಿ ಆಯ್ತು ನಿಮ್ಮದು?" ಎಂದು ಬಾಗಿಲಿನಿಂದಲೇ ಕೇಳಿದರು.

ನಾನು ಅಂಗಿಯನ್ನು ಹಿಂದಿನಿಂದ ಒಟ್ಟುಗೂಡಿಸಿ ಹಿಡಿದೆ. ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮನೆ ಇದ್ದವನು ಅಬುಧಾಬಿಯ ಆಸ್ಪತ್ರೆಗೆ ಬಂದದ್ದೇ ಊರಿನವರ ಕಣ್ಣಿಗೆ ಬೀಳಬಾರದೆಂದು. ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಕ್ರಿಯೆ. ಕಂಪನಿಯಲ್ಲಿ ಹರ್ನಿಯಾ ಎಂದು ಹೇಳಿದ್ದೆ. ನಮ್ಮ ಕನ್ನಡ ಬಳಗದಲ್ಲಿ ಅದನ್ನೂ ಹೇಳಿರಲಿಲ್ಲ. ಬಳಗದ ವೇದಿಕೆಯ ಮೇಲೆ ಜರಿ ಪಂಚೆ ಉಟ್ಟು ನಿಂತು ಭಾಷಣ ಮಾಡುವವನು ನಾನು. ಶಸ್ತ್ರಕ್ರಿಯೆಯ ಬಳಿಕ ಮೂತ್ರದ ಮೇಲೆ ಹಿಡಿತ ಬರಲು ತಿಂಗಳುಗಳೇ ಬೇಕಾಗಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿದಾಗ ನನಗೆ ಮೊದಲು ನೆನಪಾದದ್ದು ಆ ಬಿಳಿಯ ಪಂಚೆ.

"ಕಾರ್ಕಳದ ಹತ್ತಿರ" ಎಂದು ಪಿಸುಗುಟ್ಟಿದೆ.

"ಕಾರ್ಕಳವಾ! ನಮ್ಮದು ಶಿರ್ವ ಮಾರಾಯ್ರೆ!" ಎಂದು ಇಡೀ ಮಹಡಿಗೆ ಕೇಳುವಂತೆ ಸಂಭ್ರಮಪಟ್ಟರು.

ನನ್ನ ಗುಟ್ಟು ಚರ್ಚಿನ ಆ ಶುಕ್ರವಾರದ ಪೂಜೆಗೆ ಮುಂಚೆಯೇ ಅಬುಧಾಬಿಯ ಖಾಲಿದಿಯಾದಿಂದ ಶಾರ್ಜಾದವರೆಗೆ ಹೋಗಿರುತ್ತದೆ ಎಂದುಕೊಂಡೆ. ಹೋಗಲಿಲ್ಲ. ಊಟ, ಮದುವೆ, ಮೀನಿನ ರೇಟು ಇವೆಲ್ಲವನ್ನೂ ಕೂಗಿ ಹೇಳುವ ಆ ಹೆಂಗಸು ರೋಗಿಯ ಸಂಗತಿ ಬಂದರೆ ಕಲ್ಲು. ನನ್ನ ಹಾಸಿಗೆ ಒದ್ದೆಯಾದ ಬೆಳಿಗ್ಗೆಗಳಲ್ಲಿ ಅವರು ಬಟ್ಟೆ ಬದಲಿಸುತ್ತ ಮಾತಾಡುತ್ತಿದ್ದದ್ದು ಅಲ್ ಮೀನಾದ ಮಾರ್ಕೆಟಿನ ಅಂಜಲ್ ಮೀನಿನ ಬಗ್ಗೆ. ನಾನು ಕಣ್ಣು ಮುಚ್ಚಿಕೊಂಡು "ಸಾರಿ ಬಾಯಿ" ಅಂದರೆ, "ಎಂಥದಕ್ಕೆ ಸಾರಿ? ನಲ್ಲಿ ರಿಪೇರಿ ಆಗಿದೆ, ವಾಷರ್ ಕೂತುಕೊಳ್ಳಲಿಕ್ಕೆ ಟೈಮ್ ಬೇಡವಾ? ಖಲಾಸ್, ಆ ಕಡೆ ತಿರುಗಿ" ಎನ್ನುತ್ತಿದ್ದರು.

ಬಾಯಿಗೆ ಮದುವೆಯಾಗಿರಲಿಲ್ಲ. ಖಾಲಿದಿಯಾದ ಹಳೆಯ ಕಟ್ಟಡವೊಂದರಲ್ಲಿ ಇನ್ನಿಬ್ಬರು ನರ್ಸ್‌ಗಳ ಜೊತೆ ಫ್ಲಾಟ್ ಹಂಚಿಕೊಂಡಿದ್ದರು. ನನ್ನ ಹೆಂಡತಿ ವನಿತಾಗೂ ಅವರಿಗೂ ಗಾಢ ಸ್ನೇಹವಾಯಿತು. ಅವರ ಮನೆಯ ಸಾನ್ನ ಇಡ್ಲಿ, ನಮ್ಮ ಮನೆಯ ಕೋರಿರೊಟ್ಟಿ ದುಬೈ-ಅಬುಧಾಬಿ ರಸ್ತೆಯಲ್ಲಿ ಓಡಾಡತೊಡಗಿದವು. ಅವರು ಮನೆಗೆ ಬಂದಾಗಲೆಲ್ಲ ನಾನು ಸ್ವಲ್ಪ ಕುಗ್ಗಿಹೋಗುತ್ತಿದ್ದೆ. ನನ್ನನ್ನು ಆ ಸ್ಥಿತಿಯಲ್ಲಿ ಕಂಡವರು ನನ್ನದೇ ಸೋಫಾದ ಮೇಲೆ ಕೂತು ಚಹಾ ಕುಡಿಯುವುದು ನನಗೆ ಕೊನೆಯವರೆಗೂ ಅಭ್ಯಾಸವಾಗಲಿಲ್ಲ.

ಸ್ಪೇನಿನ ಬಾಸ್ಕ್ ನಾಡಿಗೆ ಹೋಗುವ ಮಾತು ಬಂದದ್ದು ಅವರಿಂದಲೇ. ಅವರ ಚರ್ಚಿನ ಕೆಲವರು ಅಲ್ಲಿಯ ಸಂತರೊಬ್ಬರು ಹುಟ್ಟಿದ ಲೊಯೋಲಾಕ್ಕೆ ಯಾತ್ರೆ ಹೊರಟಿದ್ದರು. ಏರ್ಪಾಡು ಮಾಡುತ್ತಿದ್ದವನು ಮೂಡುಬಿದಿರೆಯ ರೋಶನ್ ಎಂಬ ಚುರುಕಾದ ಯುವಕ. ಬಸ್ಸು ತುಂಬಲಿಲ್ಲವೆಂದು ನಮ್ಮ ಕನ್ನಡ ಬಳಗದವರನ್ನೂ ಕರೆದ. ಯಾತ್ರೆಯ ಜೊತೆಗೆ ಬೆಟ್ಟ, ಗುಹೆ, ಹಳೆಯ ಊರುಗಳನ್ನೂ ಸೇರಿಸಿದ. "ಸೀಟು ಖಾಲಿ ಉಂಟು, ಬನ್ನಿ ಶೆಟ್ರೆ. ಪ್ಯಾಡ್ ಹಾಕಿಕೊಂಡು ಇಡೀ ಪ್ರಪಂಚ ತಿರುಗಬಹುದು" ಎಂದು ಬಾಯಿ ಫೋನಿನಲ್ಲಿ ಹೇಳಿದರು. ಸ್ಪೀಕರ್ ಹಾಕಿದ್ದ ವನಿತಾ ನಕ್ಕಳು. ನಾನು ನಗಲಿಲ್ಲ. ಆದರೆ ಹೋದೆ.

ಎಂಥ ಹಸಿರು ಆ ನಾಡು! ಮರಳಿನ ಬಣ್ಣಕ್ಕೆ ಒಗ್ಗಿಹೋದ ನಮ್ಮ ಕಣ್ಣು ಮೊದಲ ದಿನ ನೋಯುವಷ್ಟು ಹಸಿರು. ಕಡಿದಾದ ಗುಡ್ಡಗಳ ಮೇಲೆ ಕುರಿಗಳು ಅಂಟಿಸಿಟ್ಟಂತೆ ನಿಂತಿದ್ದವು. ಮರದ ಜಂತಿಗಳ ದೊಡ್ಡ ದೊಡ್ಡ ಬಿಳಿ ಮನೆಗಳು. ಹೊಗೆ ಹಾಕಿದ ಕುರಿಹಾಲಿನ ಚೀಸ್. ಅರಾನ್ಸಸು ಎಂಬಲ್ಲಿ, ಬೆಟ್ಟದ ಕಂದರದ ಅಂಚಿನಲ್ಲಿ, ಮಾತೆ ಮರಿಯಳ ದೊಡ್ಡ ಇಗರ್ಜಿ. ಕುರುಬನೊಬ್ಬನಿಗೆ ಮುಳ್ಳುಪೊದೆಯಲ್ಲಿ ಅವಳ ವಿಗ್ರಹ ಸಿಕ್ಕಿತಂತೆ. ಹಾಗಾಗಿ ಅಲ್ಲಿಯ ಗೋಪುರಗಳ ಕಲ್ಲುಗಳನ್ನೆಲ್ಲ ಮುಳ್ಳಿನಂತೆ ಚೂಪಾಗಿ ಕೆತ್ತಿದ್ದಾರೆ. ಬಾಯಿ ಬಸ್ಸಿನಿಂದ ಇಳಿದವರೇ "ಅಯ್ಯೋ, ಹಲಸಿನಹಣ್ಣಿನ ಸಿಪ್ಪೆ!" ಎಂದು ಕೂಗಿದರು. ಬಾಗಿಲ ಮೇಲೆ ಸಾಲಾಗಿ ನಿಂತ ಶಿಲೆಯ ಅಪೋಸ್ತಲರನ್ನು ಎಣಿಸಿ, ಹನ್ನೆರಡರ ಬದಲು ಹದಿನಾಲ್ಕು ಜನ ಇರುವುದನ್ನು ಕಂಡು, "ಇವರಿಗೂ ಎರಡು ಸೀಟು ಖಾಲಿ ಉಳಿದಿತ್ತು ಕಾಣ್ತದೆ. ನಮ್ಮ ಶೆಟ್ರು ಮತ್ತು ವನಿತಾ!" ಎಂದರು. ಎಲ್ಲರೂ ನಕ್ಕರು. ಅಂದು ನಾನೂ ನಕ್ಕೆ.

ಅದೇ ಮಧ್ಯಾಹ್ನ ಗುಹೆ.

ಒನ್ಯಾತಿ ಎಂಬ ಊರಿನ ಹತ್ತಿರ, ಬೆಟ್ಟದ ಹೊಟ್ಟೆಯೊಳಗೆ. ಒಳಗೆ ಚಳಿ, ತೊಟ್ಟಿಕ್ಕುವ ನೀರು, ಕಬ್ಬಿಣದ ಕಾಲುದಾರಿ. ಬಹಳ ಹಿಂದೆ ಇಲ್ಲಿ ಗುಹಾಸಿಂಹವೊಂದರ ಇಡೀ ಎಲುಬುಗೂಡು ಸಿಕ್ಕಿತ್ತೆಂದು ಗೈಡ್ ಹುಡುಗಿ ಹೇಳುತ್ತಿದ್ದಳು. ಆಮೇಲೆ, ಆ ಸಿಂಹ ಕಂಡ ಕತ್ತಲೆ ಹೇಗಿತ್ತೆಂದು ನೀವೂ ನೋಡಿ ಎಂದು ದೀಪಗಳನ್ನೆಲ್ಲ ಆರಿಸಿದಳು. ಅಂಥ ಕತ್ತಲೆಯನ್ನು ನಾನು ಕಂಡಿರಲಿಲ್ಲ. ಯಾರೋ ಗಕ್ಕನೆ ಕೆಮ್ಮಿದರು. ನಾನು ಬೆಚ್ಚಿದೆ. ಅಷ್ಟೇ. ತೊಡೆಯ ಮೇಲೆ ಬೆಚ್ಚಗೆ ಇಳಿಯತೊಡಗಿತು. ಬೆಳಗಿನಿಂದ ಹಾಕಿದ್ದ ಪ್ಯಾಡ್ ತಡೆಯಲಿಲ್ಲ. ತಿಳಿಬಣ್ಣದ ಪ್ಯಾಂಟು. ದೀಪ ಬರಬಾರದು, ಎಂದೆಂದಿಗೂ ಬರಬಾರದು ಎಂದು ಬೇಡಿಕೊಂಡೆ. ಪಕ್ಕದಲ್ಲಿದ್ದ ವನಿತಾಳ ಕೈಯನ್ನು ಗಟ್ಟಿಯಾಗಿ ಹಿಡಿದೆ. ಅದು ವನಿತಾಳ ಕೈಯಲ್ಲ, ಬಾಯಿಯ ಕೈ. ಒಂದು ಕ್ಷಣ ಆ ಕೈ ಸುಮ್ಮನಿತ್ತು. ಮರುಕ್ಷಣ ನನ್ನ ಸೊಂಟದಿಂದ ಕೆಳಕ್ಕೆ ತಣ್ಣನೆಯ ನೀರು ಸುರಿಯಿತು.

ದೀಪ ಹತ್ತಿತು. "ಅಯ್ಯಯ್ಯೋ, ದೇವಾ! ಬಾಟ್ಲಿಯ ಮುಚ್ಚಳ ಹಾಕ್ಲೇ ಇಲ್ಲ ನಾನು! ಶೆಟ್ರ ಪ್ಯಾಂಟು ಪೂರಾ ಹೋಯ್ತು!" ಎಂದು ಬಾಯಿ ಎದೆ ಬಡಿದುಕೊಳ್ಳುತ್ತಿದ್ದರು. ಗುಹೆಯಿಡೀ ಪ್ರತಿಧ್ವನಿಸಿತು. ಅವರ ಸೀರೆಯೂ ಒದ್ದೆ. ಜನ ಬಿದ್ದು ಬಿದ್ದು ನಕ್ಕರು. ಗುಹೆಯೊಳಗೆ ನೀರು ಚೆಲ್ಲಬಾರದೆಂದು ಗೈಡ್ ಹುಡುಗಿ ಗದರಿಸಿದಳು. ಬಾಯಿ ತಲೆ ತಗ್ಗಿಸಿ "ಸಾರಿ, ಸಾರಿ" ಎಂದರು.

ಸಂಜೆ ಹೋಟೆಲಿನ ಊಟದ ಮೇಜಿನಲ್ಲಿ ರೋಶನ್ ಎದ್ದು ನಿಂತ. "ನಾಳೆ ಉರ್ಬಿಯಾ ಹುಲ್ಲುಗಾವಲಿಗೆ ನಡಿಗೆ. ಏರು ಇದೆ, ಕಲ್ಲು ಜಾರ್ತದೆ. ಫ್ಲೋಸಿ ಆಂಟಿ, ನೀವು ಕೆಳಗೆ ಕಾಫಿ ಶಾಪಿನಲ್ಲಿ ಕೂತುಕೊಳ್ಳಿ. ಕೈಯಲ್ಲಿ ಬಾಟ್ಲಿಯೇ ನಿಲ್ಲುವುದಿಲ್ಲ ನಿಮಗೆ. ಮೇಲೆ ಬಿದ್ರೆ ನಾನು ಯಾರಿಗೆ ಜವಾಬು ಹೇಳುವುದು?"

ಬಾಯಿ ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಒಟ್ಟುಮಾಡಿದರು. "ಆಯ್ತು ಮಗಾ" ಎಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೊರಡುವ ಮೊದಲಿನಿಂದಲೂ ಅವರು ಕೇಳುತ್ತಿದ್ದದ್ದು ಒಂದೇ: "ಉರ್ಬಿಯಾಕ್ಕೆ ಹೋಗ್ತೇವೆ ಅಲ್ವಾ? ಅದು ಕ್ಯಾನ್ಸಲ್ ಆಗುವುದಿಲ್ಲ ಅಲ್ವಾ?" ಲೊಯೋಲಾದ ಬಗ್ಗೆಯೂ ಅವರು ಅಷ್ಟು ಕೇಳಿರಲಿಲ್ಲ.

ಕೋಣೆಗೆ ಬಂದ ಮೇಲೆ ವನಿತಾ ಕೇಳಿದಳು: "ನೀವು ಹೇಳ್ತೀರಾ, ನಾನು ಹೇಳಲಾ?"

ಬೆಳಿಗ್ಗೆ ಬಸ್ಸಿನ ಬದಿಯಲ್ಲಿ ರೋಶನ್‌ನನ್ನು ಹಿಡಿದೆ. "ನಿನ್ನೆಯದು ಬಾಯಿಯ ತಪ್ಪಲ್ಲ. ಬಾಟ್ಲಿ ಜಾರಲಿಲ್ಲ. ಬೇಕೆಂದೇ ಸುರಿದರು. ನನಗೆ... ನನಗೆ ಹಿಡಿತ ಇಲ್ಲ" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಬೇಕಾಯಿತು. ಅರ್ಥವಾದೊಡನೆ ಅವನ ಕಣ್ಣು ತಾನಾಗಿಯೇ ನನ್ನ ಪ್ಯಾಂಟಿನ ಮೇಲೆ ಇಳಿಯಿತು. ಕೂಡಲೇ ಮೇಲೆತ್ತಿದ, ಪಾಪ. ಆದರೆ ಆ ಒಂದು ನೋಟವನ್ನು ನಾನು ಇಂದಿಗೂ ಮರೆತಿಲ್ಲ.

"ಹಾಗಾದ್ರೆ ಅಂಕಲ್, ನೀವೂ ಕೆಳಗೇ ಕೂತುಬಿಡಿ" ಎಂದ.

"ಬೇಡ ಮಾರಾಯ. ಅವರನ್ನು ಕರಕೊಂಡು ಹೋಗು. ನಾನು ಅವರ ಜೊತೆಯಲ್ಲೇ ನಡೀತೇನೆ" ಎಂದು ಬೇಡಿಕೊಂಡೆ. ಒಪ್ಪಿದ. ಬಸ್ಸು ಹತ್ತಿ ಮೈಕ್ ಹಿಡಿದು, ಕೆಟ್ಟ ಮನಸ್ಸೇನೂ ಇಲ್ಲದೆ, ಘೋಷಿಸಿಯೂ ಬಿಟ್ಟ: "ಶೆಟ್ಟಿ ಅಂಕಲ್‌ಗೆ ಸ್ವಲ್ಪ ಯೂರಿನ್ ಪ್ರಾಬ್ಲಮ್ ಇದೆ. ಅಲ್ಲಲ್ಲಿ ನಿಲ್ಲಬೇಕಾಗ್ತದೆ, ಎಲ್ಲರೂ ಅಡ್ಜಸ್ಟ್ ಮಾಡಿ. ಫ್ಲೋಸಿ ಆಂಟಿಯೂ ಬರ್ತಾರೆ."

ಬಸ್ಸಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಒಬ್ಬೊಬ್ಬರಾಗಿ ನಿನ್ನೆಯ ಗುಹೆಯನ್ನು ನೆನಪಿಸಿಕೊಂಡು, ಲೆಕ್ಕ ಹಾಕಿ, ಕಿಟಕಿಯ ಹೊರಗೆ ನೋಡತೊಡಗಿದರು. ಬಾಯಿ ತಮ್ಮ ಸೀಟಿನಿಂದ ಎದ್ದು ಬಂದು ನನ್ನ ಮುಂದೆ ನಿಂತರು. ಸಿಟ್ಟಿನಿಂದ ಮುಖ ಕೆಂಪಾಗಿತ್ತು.

"ಎಂಥಕ್ಕೆ ಹೇಳಿದ್ದು? ನಾನು ಕೇಳಿದೆನಾ ನಿಮ್ಮ ಹತ್ರ?"

"ಇಲ್ಲ ಬಾಯಿ."

"ಮತ್ತೆ?" ಎಂದರು. ಉತ್ತರಕ್ಕೆ ಕಾಯದೆ ಹೋಗಿ ಕೂತರು.

ಬೀಚ್ ಎಂಬ ಎತ್ತರದ ಮರಗಳ ಕಾಡಿನ ನಡುವೆ ಏರುದಾರಿ. ಮುಂದಿನವರು ನಮಗಾಗಿ ನಿಲ್ಲಬೇಕಾಗದಂತೆ ನಾವಿಬ್ಬರೂ ಎಲ್ಲರಿಗಿಂತ ಹಿಂದೆ ಉಳಿದೆವು. ವನಿತಾ ಸ್ವಲ್ಪ ಮುಂದೆ. ನಾನು ಮರದ ಮರೆಗೆ ಹೋದಾಗಲೆಲ್ಲ ಬಾಯಿ ದಾರಿಯಲ್ಲಿ ನಿಂತು ಬೆನ್ನು ತಿರುಗಿಸಿ ಜಪಸರ ಎಣಿಸುತ್ತಿದ್ದರು. ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳಬೇಕಾದಲ್ಲಿ ತೆರೆದುಕೊಂಡದ್ದು ಬರೀ ಮಂಜು. ಮೇಲೆ ಸುಣ್ಣಕಲ್ಲಿನ ದೊಡ್ಡ ಪರ್ವತಸಾಲು ಇದೆಯಂತೆ, ಕಾಣಲಿಲ್ಲ. ಕುದುರೆಗಳಿವೆಯಂತೆ, ಕಾಣಲಿಲ್ಲ. ಕೊರಳಗಂಟೆಗಳ ಸದ್ದು ಮಾತ್ರ ಎಲ್ಲ ದಿಕ್ಕಿನಿಂದ ಬರುತ್ತಿತ್ತು.

"ಛೇ, ಇಷ್ಟು ದೂರ ಬಂದು" ಎಂದೆ.

"ಇರಲಿ. ಅವನು ಹೇಳಿದ ಜಾಗ ಇದೇ" ಎಂದರು ಬಾಯಿ. ಒಂದು ಬಂಡೆಯ ಮೇಲೆ ಕೂತು ಅವನು ಯಾರೆಂದು ಹೇಳಿದರು.

ಅನೇಕ ವರ್ಷಗಳ ಹಿಂದೆ ಹಡಗಿನ ಮುದಿ ಎಂಜಿನಿಯರ್ ಒಬ್ಬನನ್ನು ಬಂದರಿನಿಂದ ಅವರ ವಾರ್ಡಿಗೆ ತಂದರಂತೆ. ಮೆದುಳಿನಲ್ಲಿ ರಕ್ತಸ್ರಾವವಾಗಿ ಬೇರೆ ಭಾಷೆಗಳೆಲ್ಲ ಅಳಿಸಿಹೋಗಿ ತಾಯಿನುಡಿಯೊಂದೇ ಉಳಿದಿತ್ತು. ಬಾಸ್ಕ್. ಆಸ್ಪತ್ರೆಯಲ್ಲಿ ಅದು ಯಾರಿಗೆ ಬರಬೇಕು? "ನಾನು ಕೊಂಕಣಿಯಲ್ಲಿ ಮಾತಾಡ್ತಿದ್ದೆ. ಅವನು ಅವನದ್ದರಲ್ಲಿ. ಅವನಿಗೆ ಸಮಾಧಾನ ಆಗ್ತಿತ್ತು. ಉರ್ಬಿಯಾ, ಉರ್ಬಿಯಾ ಅಂತ ಹೇಳ್ತಿದ್ದ. ಹೆಂಡತಿಯ ಹೆಸರು ಅಂತ ಗ್ರಹಿಸಿದ್ದೆ. ಹಡಗಿನವರು ಬಂದಾಗ ಕೇಳಿದ್ರೆ, ಅವನು ಸಣ್ಣವನಿರುವಾಗ ಕುರಿ ಕಾಯ್ತಿದ್ದ ಬೆಟ್ಟ ಅಂತೆ."

"ಆಮೇಲೆ?"

"ಒಂದು ದಿನ ತುಂಬ ಕೂಗಿದ. ವಿಸಿಟರ್ಸ್ ಟೈಮ್. ಬೇರೆ ರೋಗಿಗಳ ಮನೆಯವರು ಕಂಪ್ಲೇಂಟ್ ಮಾಡಿದ್ರು. ನಾನೇ ಇನ್‌ಚಾರ್ಜ್. ಹೋಗಿ ಅವನ ರೂಮಿನ ಬಾಗಿಲು ಹಾಕಿದೆ. ಸುಸ್ತಾಗಿತ್ತು ಶೆಟ್ರೆ. ಚಾ ಕುಡಿದು ಬಂದು ತೆಗಿತೇನೆ ಅಂತ ಹೋದೆ. ಬಂದು ತೆಗೆಯುವಾಗ ಜೀವ ಹೋಗಿಯಾಗಿತ್ತು. ಬಾಗಿಲ ಕಡೆಗೇ ಮುಖ ಮಾಡಿದ್ದ."

ಗಂಟೆಗಳು ಹತ್ತಿರ ಬಂದವು, ದೂರ ಸರಿದವು.

"ನೀವು ನಿಮ್ಮದು ಹೇಳಿಬಿಟ್ಟಿರಿ. ನಾನು ಪಾದ್ರಿಯ ಹತ್ರವೂ ಹೇಳಿಲ್ಲ. ನಿಮ್ಮ ಮೇಲೆ ಸಿಟ್ಟು ಬಂದದ್ದು ಅದಕ್ಕೇ" ಎಂದರು.

ನಿಮ್ಮ ತಪ್ಪಲ್ಲ ಎಂದು ಹೇಳಬಹುದಿತ್ತು. ಅದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಪಕ್ಕದಲ್ಲಿ ಹೋಗಿ ಕೂತೆ. ಬಾಯಿ ಎದ್ದು ಮಂಜಿನತ್ತ ಮುಖ ಮಾಡಿ ಕೊಂಕಣಿಯಲ್ಲಿ ಯಾರೊಡನೆಯೋ ತುಂಬ ಹೊತ್ತು ಮಾತಾಡಿದರು. ನನಗೆ ಕೊಂಕಣಿ ಅರ್ಥವಾಗುತ್ತದೆ. ಆದರೆ ಆ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವು ನನಗೆ ಹೇಳಿದವಲ್ಲ.

ದುಬೈಗೆ ಮರಳಿದ ಮೇಲೆ ಸುದ್ದಿ ನನಗಿಂತ ಮೊದಲೇ ಬಳಗವನ್ನು ತಲುಪಿತ್ತು. ಮುಂದಿನ ಕಾರ್ಯಕ್ರಮದಲ್ಲಿ ಸ್ವಯಂಸೇವಕನೊಬ್ಬ ಬಂದು, "ಸರ್, ನಿಮಗೆ ಈ ಬದಿಯಲ್ಲಿ ಸೀಟು ಇಟ್ಟಿದ್ದೇವೆ, ವಾಶ್‌ರೂಮ್ ಹತ್ತಿರ ಆಗ್ತದೆ" ಎಂದು ಪ್ರೀತಿಯಿಂದ ಹೇಳಿದ. ಅಲ್ಲೇ ಕೂತೆ. ಈಗಲೂ ಅಲ್ಲೇ ಕೂರುತ್ತೇನೆ. ಪ್ರತಿ ಸಲವೂ ಕಿವಿ ಬಿಸಿಯಾಗುತ್ತದೆ. ಬಾಯಿಗೆ ಇದನ್ನು ಹೇಳಿದಾಗ, "ಒಳ್ಳೇದಾಯ್ತಲ್ಲ, ಭಾಷಣ ಬೋರ್ ಆದ್ರೆ ಎದ್ದು ಹೋಗಬಹುದು" ಎಂದರು.

ಕೆಲಸ ಮುಗಿದು ವೀಸಾ ಕ್ಯಾನ್ಸಲ್ ಆಗುವ ಹೊತ್ತಿಗೆ ಬಾಯಿಯ ಸೊಂಟ ಕೆಟ್ಟಿತ್ತು. ಶಿರ್ವದಲ್ಲಿದ್ದ ತಂಗಿಯ ಮನೆಗೆ ಹೊರಟರು. ಒಂದು ವರ್ಷದೊಳಗೆ ಅಲ್ಲಿಂದ ಅವರು ತೀರಿಕೊಂಡ ಸುದ್ದಿ ಬಂತು. ಹಾಗಾಗಿ ಖಾಲಿದಿಯಾದ ಫ್ಲಾಟಿನಿಂದ ಅವರನ್ನು ಏರ್‌ಪೋರ್ಟಿಗೆ ಬಿಟ್ಟ ಆ ಸಂಜೆಯೇ ನಮ್ಮ ಕೊನೆಯ ಭೇಟಿ. ವನಿತಾ ಊರಲ್ಲಿದ್ದಳು. ನಾನೊಬ್ಬನೇ ಹೋಗಿದ್ದೆ.

ಒಳಗೆ ಹೋಗುತ್ತಿದ್ದಂತೆ ಫಿಲಿಪಿನೋ ಹುಡುಗಿಯೊಬ್ಬಳು ಗಾಲಿಕುರ್ಚಿ ತಳ್ಳಿಕೊಂಡು ಬಂದಳು.

"ಇದು ನನಗೆ ಬೇಡ. ನಾನು ತಳ್ಳಿದವಳು. ಕೂತವಳಲ್ಲ" ಎಂದರು ಬಾಯಿ.

ನಡೆಯಲು ನೋಡಿದರು. ನಾಲ್ಕು ಹೆಜ್ಜೆಗೆ ನಿಂತರು. ಮಂಗಳೂರಿನ ವಿಮಾನದ ಜನ ಟ್ರಾಲಿಗಳನ್ನು ನೂಕುತ್ತ ಸುತ್ತ ಸಾಗುತ್ತಿದ್ದರು. ಅವರಲ್ಲಿ ಅರ್ಧದಷ್ಟು ಜನರನ್ನು ಬಾಯಿ ಹೆರಿಗೆಯಲ್ಲೋ ಕಾಯಿಲೆಯಲ್ಲೋ ನೋಡಿಕೊಂಡವರೇ ಇರಬೇಕು. "ಸಿಸ್ಟರ್ ಫ್ಲೋಸಿ ಅಲ್ವಾ?" ಎಂದು ಯಾರೋ ದೂರದಿಂದ ಕೂಗಿದರು. ಬಾಯಿಯ ಮುಖ ಸಣ್ಣಗಾಯಿತು. ನನ್ನ ತೋಳು ಹಿಡಿದು ಮೆಲ್ಲಗೆ ಕುರ್ಚಿಯ ಕಡೆ ತಿರುಗಿದರು.

"ಶೆಟ್ರೆ, ನೀವು ಸ್ವಲ್ಪ ಆಚೆ ನೋಡಿ."

ನಾನು ಆಚೆ ತಿರುಗಿದೆ. ಹಿಂದೆ ಕುರ್ಚಿಯ ಬ್ರೇಕು ಬಿಚ್ಚಿದ ಸದ್ದು, ಹೊರಡೋಣವೆಂದು "ಯಲ್ಲಾ" ಎಂದ ಅವರ ದನಿ, ನಯವಾದ ನೆಲದ ಮೇಲೆ ಚಕ್ರಗಳು ಉರುಳುತ್ತ ದೂರವಾದದ್ದು ಎಲ್ಲ ಕೇಳಿಸಿತು. ಎದುರಿಗೆ ವಿಮಾನಗಳ ಹೊತ್ತು ತೋರಿಸುವ ದೊಡ್ಡ ಪರದೆ ಇತ್ತು. ಮಂಗಳೂರಿನ ಹೆಸರು ಒಂದೊಂದೇ ಸಾಲು ಮೇಲೇರಿ ಕೊನೆಗೆ ಪರದೆಯಿಂದ ಮರೆಯಾಗುವ ತನಕ ನಾನು ಅದನ್ನೇ ಓದುತ್ತ ನಿಂತಿದ್ದೆ.