ಕೆಂಪು ಗೆರೆ

ಕಾಲೇಜಿನ ಜೀವಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರಾಗಿದ್ದ ಅವಳನ್ನು ಹುಡುಗರು ಎದುರಿಗೆ ‘ಅಕ್ಕ’ ಎಂದೂ ಬೆನ್ನ ಹಿಂದೆ ‘ಕೈತೊಳಿ’ ಎಂದೂ ಕರೆಯುತ್ತಿದ್ದರು. ಎರಡೂ ಅವಳ ಕಿವಿಗೆ ಬೀಳುತ್ತಿದ್ದವು. ದಿನಕ್ಕೆ ನೂರು ಸಲ ಅವಳು ಹೇಳುತ್ತಿದ್ದುದೂ ‘ಕೈ ತೊಳಿ’ ಎಂದೇ ತಾನೆ!

ಅವಳು ಸೇರಿದ ಕಾಲವೇ ಬೇರೆ. ಆಗಿನ ಮೇಷ್ಟ್ರು ದ್ರವ ಅಳೆಯುವ ಪಿಪೆಟ್ಟನ್ನು ಬಾಯಲ್ಲೇ ಹೀರುತ್ತಿದ್ದರು. ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಗಳ ಪಕ್ಕದಲ್ಲೇ ಅವರ ಚಹಾದ ಲೋಟ. “ಇವು ಸಾಧು ಪ್ರಾಣಿಗಳಮ್ಮಾ, ಏನೂ ಮಾಡಲ್ಲ” ಎನ್ನುತ್ತಿದ್ದರು. ಅವಳೂ ನಂಬಿದಳು. ಲ್ಯಾಬಿನ ಕೋಟು ತೊಟ್ಟೇ ಮನೆಗೆ ಹೋಗಿ, ಓಡಿ ಬಂದ ಮಗಳನ್ನು ಎತ್ತಿಕೊಳ್ಳುತ್ತಿದ್ದಳು. ಒಮ್ಮೆ ಮಗುವಿಗೆ ಹತ್ತು ದಿನ ಜ್ವರ ಬಂತು. ಲ್ಯಾಬಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರೂ ತಾಯಿಯ ಮನಸ್ಸು ಒಪ್ಪಲಿಲ್ಲ. ಮಗು ಎದ್ದು ಕೂತ ಮರುದಿನವೇ ಲ್ಯಾಬಿನ ಬಾಗಿಲೊಳಗೆ ಕೆಂಪು ಗೆರೆ ಎಳೆದು, ಕೋಟು ತೂಗುಹಾಕಲು ಗೋಡೆಗೆ ಮೊಳೆ ಹೊಡೆದಳು. ಕೋಟು ಗೆರೆ ದಾಟಬಾರದು, ತಿಂಡಿ ಒಳಗೆ ಬರಬಾರದು. ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದಳು: “ಮನೇಲಿ ಎತ್ಕೊಳ್ಳೋಕೆ ಒಂದು ಮಗು ಕಾಯ್ತಿದೆ ಅಂದ್ಕೊಂಡು ಕೈ ತೊಳೀರಿ.” ಮೇಷ್ಟ್ರು ನಕ್ಕರು. ಆಮೇಲೆ ಲೋಟ ಹಿಡಿದು ವರಾಂಡದಲ್ಲಿ ನಿಂತೇ ಕುಡಿಯತೊಡಗಿದರು, ಪಾಪ.

ನಿವೃತ್ತಿಯ ದಿನ ಅವಳನ್ನು ಕೊರೆಯುತ್ತಿದ್ದುದು ಒಂದೇ: ನಾಳೆಯಿಂದ ಈ ಗೆರೆಯನ್ನು ಯಾರು ಕೇಳುತ್ತಾರೆ? ಅದಾಗಲೇ ಕಾಲಡಿ ಸವೆದು ಅರ್ಧ ಅಳಿಸಿಹೋಗಿತ್ತು. ತರಗತಿ ಮುಗಿದ ಮೇಲೆ ಬೆಂಚುಗಳನ್ನೆಲ್ಲ ಸ್ಪಿರಿಟ್ ಹಾಕಿ ಒರೆಸಿದಳು. ತೀರಿಹೋದ ಮೇಷ್ಟ್ರ ಸ್ಟೂಲು ನೋಡಿ ಕಣ್ಣು ತುಂಬಿತು. ಕಣ್ಣೊರೆಸಿಕೊಳ್ಳಲು ಕೈ ಎತ್ತಿದವಳು, ಥೂ, ತೊಳೆಯದ ಕೈಯಲ್ಲಿ ಇದೇನು ಮಾಡುತ್ತಿದ್ದೇನೆ ಎಂದು ಇಳಿಸಿದಳು. ಆದರೆ ಕೋಟನ್ನು ಮೊಳೆಗೆ ಹಾಕಲು ಮನಸ್ಸು ಬರಲಿಲ್ಲ. ನೆನಪಿಗಿರಲಿ ಎಂದು ತೊಟ್ಟೇ ಹೊರಟಳು.

“ಅಕ್ಕಾ, ನಿಲ್ಲಿ!”

ಮರೆತ ಪುಸ್ತಕಕ್ಕೆ ವಾಪಸು ಬಂದ ಹುಡುಗಿ ಬಾಗಿಲಲ್ಲಿದ್ದಳು. ಹೋದ ವಾರವಷ್ಟೇ ಬೆಂಚಿನ ಮೇಲಿದ್ದ ಪೆನ್ನು ಕಚ್ಚಿ ಅಕ್ಕನಿಂದ ಚೆನ್ನಾಗಿ ಬೈಸಿಕೊಂಡವಳು.

“ಕೋಟು ಹಾಕ್ಕೊಂಡೇ ಗೆರೆ ದಾಟ್ತಿದೀರಲ್ಲ! ಕೈನೂ ತೊಳ್ದಿಲ್ಲ.”

“ಇವತ್ತೊಂದಿನ ಬಿಡೇ. ನಾಳೆಯಿಂದ ನಾನೇ ಬರಲ್ಲ.”

“ಆದ್ರೆ ಮನೇಲಿ ಮಗು ಕಾಯ್ತಿರತ್ತಲ್ಲ ಅಕ್ಕಾ?”

ಅಕ್ಕ ವಾಪಸು ಗೆರೆಯೊಳಗೆ ಬಂದು ಕೋಟು ಕಳಚಿ ಮೊಳೆಗೆ ಹಾಕಿದಳು. ಸೋಪು ಹಚ್ಚಿ ಮೊಣಕೈವರೆಗೂ ತೊಳೆದಳು. ಆಮೇಲೆ ಆ ಒದ್ದೆ ಕೈಗಳಿಂದಲೇ, ಯಾವ ಭಯವೂ ಇಲ್ಲದೆ, ಕಣ್ಣೊರೆಸಿಕೊಂಡಳು.