ಮಾಸ್ಟರ ಸೂಜಿಗೆ ದಾರ

ಬೀದಿಯವರೆಲ್ಲ ಅವಳನ್ನು ಕರೆಯುವುದು ಗುಂಡಿಯಕ್ಕ ಎಂದು. ಗಂಡ ಹೊಲಿದ ಅಂಗಿಗೆ ಗುಂಡಿ ಹಚ್ಚುವುದು, ಕಾಜಾ ಮಾಡುವುದು, ಪ್ಯಾಂಟಿನ ಅಂಚಿಗೆ ಕೈಹೊಲಿಗೆ ಹಾಕುವುದು ಅವಳ ಪಾಲಿನ ಕೆಲಸ. ಗಂಡ ಎಲ್ಲರಿಗೂ ಮಾಸ್ಟರ್. ಕತ್ತರಿ ಹಿಡಿದರೆ ರಾಜ ಆತ. ಸೂಜಿಗೆ ದಾರ ಪೋಣಿಸಲು ಹೋದರೆ ಮಾತ್ರ ಪಾಪ, ಕತ್ತಲಲ್ಲಿ ತಡಕಾಡಿದ ಹಾಗೆ. ವಯಸ್ಸಾಯಿತಲ್ಲ, ಹತ್ತಿರದ್ದು ಕಾಣದು. ಕನ್ನಡಕ ಹಾಕಿಕೊಳ್ಳಿ ಅಂದರೆ ಮೂಗು ಮುರಿಯುತ್ತಾನೆ. ಜಂಭ, ಇನ್ನೇನು! ಹಾಗಾಗಿ “ಲೇ, ದಾರ” ಎಂದು ಅವನು ಸೂಜಿ ಚಾಚುವುದು, ಅವಳು ಮಾತಾಡುತ್ತಲೇ ಪೋಣಿಸಿ ಕೊಡುವುದು ಆ ಅಂಗಡಿಯಲ್ಲಿ ದಿನವಿಡೀ ನಡೆಯುತ್ತದೆ.

ಈ ಮಾಸ್ಟರ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ. ಹರೆಯದಲ್ಲಿ ಯಾರಿಗೋ ರಕ್ತ ಕೊಡಲು ಹೋಗಿ ಗೊತ್ತಾದದ್ದು. ಆಳು ಗಟ್ಟಿಮುಟ್ಟು, ಆಗಾಗ ಲಿವರ್ ತಪಾಸಣೆ ಮಾಡಿಸಿಕೊಂಡರೆ ಸಾಕು. ಹೆಣ್ಣು ನೋಡಲು ಬಂದ ದಿನ ತಾನೇ ಬಾಯಿಬಿಟ್ಟು ಹೇಳಿದ. ಅವಳ ಅಪ್ಪ ಎದ್ದು ನಿಂತೇಬಿಟ್ಟರು. ಅವಳು ಮಾತ್ರ, “ಹೇಳದೆ ಮುಚ್ಚಿಡೋರಿಗಿಂತ ಇವರೇ ವಾಸಿ” ಎಂದಳು. ಲಸಿಕೆಯ ಮೂರು ಡೋಸ್ ಮುಗಿಯುವವರೆಗೆ ಮದುವೆ ಮುಂದೂಡಿದರು. ಆಮೇಲೆ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, “ರಕ್ಷಣೆ ಚೆನ್ನಾಗಿ ಬಂದಿದೆ, ಹೋಗಿ ಮದುವೆ ಮಾಡ್ಕೊಳ್ಳಿ” ಎಂದು ನಕ್ಕಿದ್ದರು. ಅಲ್ಲಿಂದ ಗಂಡ ಹೆಂಡತಿ ಒಂದೇ ಮೇಜು, ಒಂದೇ ಸೂಜಿಮೆತ್ತೆ ಎಂದು ಬದುಕಿದರು. ಮಗಳು ಹುಟ್ಟಿ, ಬೆಳೆದು, ಗಂಡನ ಮನೆಗೂ ಹೋದಳು.

ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಗುಂಡಿಯಕ್ಕ ಮಾಡಿಕೊಂಡದ್ದು ಅದನ್ನೇ. ಬಿಳಿ ಕೋಟಿಗೆ ಗುಂಡಿ ಹಾಕಿಸಲು ಬಂದ ಲ್ಯಾಬಿನ ಹುಡುಗಿಯ ಮುಂದೆ ಮದುವೆಗೆ ಮುಂಚಿನ ಲಸಿಕೆಯ ಕಥೆ ಬಿಚ್ಚಿದಳು. ಹುಡುಗಿ ಲೋಕಾಭಿರಾಮವಾಗಿ, “ಹೌದಾ ಅಕ್ಕ, ಅಷ್ಟು ಹಳೇ ಲಸಿಕೆನಾ? ಬೂಸ್ಟರ್ ಹಾಕಿಸ್ಕೊಂಡಿಲ್ವಾ?” ಎಂದಳು. ಅಷ್ಟೇ! ಹುಡುಗಿ ಕೋಟು ತೊಟ್ಟು ಹೋದಳು, ಅನುಮಾನದ ಹುಳ ಇಲ್ಲೇ ಉಳಿಯಿತು. ಮರುದಿನ ಗುಂಡಿಯಕ್ಕ ಗಂಡನಿಗೆ ಹೇಳದೆ ಹೋಗಿ ರಕ್ತ ಕೊಟ್ಟು ಬಂದಳು. ರಕ್ಷಣೆಯ ಸಂಖ್ಯೆ ಹತ್ತರ ಮೇಲಿರಬೇಕಂತೆ, ಅವಳದ್ದು ಹತ್ತಕ್ಕಿಂತ ಕೆಳಗಿತ್ತು.

ಆಮೇಲೆ ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು. ಮಾತುಮಾತಿಗೆ ನಲ್ಲಿಯ ಬಳಿ ಹೋಗಿ ಕೈ ತೊಳೆದಳು. ಬೆರಳಿನ ಗೀರುಗಳನ್ನೆಲ್ಲ ಬೆಳಕಿಗೆ ಹಿಡಿದು ನೋಡಿದಳು. ಮಗುವಿನ ಅಂಗಿಗೆ ಕೋಟಿನ ದಪ್ಪ ಗುಂಡಿ ಹಚ್ಚಿ ಕಳಿಸಿದಳು. “ಏನಕ್ಕಾ, ನನ್ನ ಮಗನ್ನ ಇವತ್ತೇ ಆಫೀಸಿಗೆ ಕಳಿಸಲಾ?” ಎಂದು ಮಗುವಿನ ತಾಯಿ ನಕ್ಕರೆ ಇವಳಿಗೆ ಅಳು ಬಂತು. ಇಷ್ಟು ವರ್ಷ ಇಲ್ಲದ ಭಯ ಈಗ ಎಲ್ಲಿಂದ ಬಂತು? ಯಾರ ಜೊತೆ ಬಾಳಿದಳೋ ಅವನ ಬೆರಳಿಗೇ ಹೆದರುವುದೆಂದರೆ ಏನರ್ಥ? ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಕೈ ಹಿಂದೆ ಸರಿಯುವುದನ್ನು ನಿಲ್ಲಿಸಲಾಗಲಿಲ್ಲ.

“ಲೇ, ದಾರ” ಎಂದು ಮಾಸ್ಟರ್ ಸೂಜಿ ಚಾಚಿದ.

“ನನಗೂ ಈಗೀಗ ಕಣ್ಣು ಮಂಜು ಕಣ್ರೀ. ಕಾಣ್ಸಲ್ಲ,” ಎಂದುಬಿಟ್ಟಳು.

“ಹೌದಾ? ಯಾವಾಗಿಂದ?”

“ಈಗೀಗ” ಎಂದು ತಲೆ ತಗ್ಗಿಸಿದಳು. ಸಂಜೆ ಹೊಸ ಸೂಜಿಮೆತ್ತೆಯೊಂದನ್ನು ಹೊಲಿದು ತನ್ನ ಮಗ್ಗುಲಿಗೆ ಇಟ್ಟುಕೊಂಡಳು. ಮಾಸ್ಟರ್ ಅದನ್ನು ನೋಡಿದ. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಈಗ ಕೇಳುತ್ತಾನೆ, ಆಗ ಕೇಳುತ್ತಾನೆ ಎಂದು ಅವಳು ಬೆವತಳು. ಅವನು ಕೇಳಲಿಲ್ಲ. ತನ್ನ ಸೂಜಿಗಳನ್ನು ಒಂದೊಂದಾಗಿ ಹಳೆಯ ಮೆತ್ತೆಗೆ ಚುಚ್ಚಿ ಮೇಜಿನ ಆ ತುದಿಗೆ ಸರಿಸಿಕೊಂಡ. ಮರುದಿನದಿಂದ ಕತ್ತರಿಯನ್ನೂ ಅವಳ ಕೈಗೆ ಕೊಡದೆ ಮೇಜಿನ ಮೇಲಿಟ್ಟು ತಳ್ಳಿದ. ಬಾಗಿಲ ಬಳಿ ನಿಂತು, ಬೆಳಕಿಗೆ ಸೂಜಿ ಹಿಡಿದು, ದಾರದ ತುದಿ ನೆಕ್ಕಿ ನೆಕ್ಕಿ ಸೋತು, ಕೊನೆಗೆ ದಾರಿಹೋಕರನ್ನು ಕರೆದು ಪೋಣಿಸಿಕೊಂಡ.

ಅದನ್ನು ನೋಡಿ ತಡೆಯಲಾಗದೆ ಅವಳು ಕೆಲಸ ಅರ್ಧಕ್ಕೆ ಬಿಟ್ಟು ಡಾಕ್ಟರಮ್ಮನ ಬಳಿ ಓಡಿದಳು. ಡಾಕ್ಟರಮ್ಮನ ತಲೆ ಪೂರ್ತಿ ಬೆಳ್ಳಗಾಗಿತ್ತು, ಆದರೂ ಇವಳ ಗುರುತು ಹಿಡಿದರು.

“ಬೂಸ್ಟರ್ ಹಾಕಿ ಅಮ್ಮ, ಈಗಲೇ ಹಾಕಿ,” ಎಂದು ರಕ್ತದ ವರದಿ ಮುಂದಿಟ್ಟಳು.

“ಯಾಕೆ ಹಾಕ್ಲಿ? ಮೂರನೇ ಡೋಸ್ ಆದ್ಮೇಲೆ ನಿಮ್ಮ ರಕ್ತ ನೋಡಿದ್ವಲ್ಲ, ಆಗ ರಕ್ಷಣೆ ಚೆನ್ನಾಗಿ ಬಂದಿತ್ತು. ವರ್ಷ ಕಳೆದ ಹಾಗೆ ಆ ಸಂಖ್ಯೆ ಇಳಿಯೋದು ಸಹಜ. ಆದರೆ ಒಮ್ಮೆ ಕಲಿತ ಪಾಠ ಮೈ ಮರೆಯಲ್ಲ. ವೈರಸ್ ಒಳಗೆ ಬಂದ್ರೆ ಮತ್ತೆ ಎದ್ದು ಹೋರಾಡುತ್ತೆ. ಡಯಾಲಿಸಿಸ್ ಮಾಡಿಸ್ಕೊಳ್ಳೋರು, ಮೈಯ ರೋಗನಿರೋಧಕ ಶಕ್ತಿ ಕುಂದಿದೋರು, ಅವರ ಮಾತು ಬೇರೆ. ನೀವು ಕಲ್ಲುಗುಂಡಿನ ಹಾಗಿದ್ದೀರಿ, ನಿಮಗೆ ಬೇಡ.”

“ಸೂಜಿ?”

“ರಕ್ತ ಅಂಟಿದ ಸೂಜಿ ಯಾರದಾದ್ರೂ ಎಸೀರಿ. ಅದು ಎಲ್ಲರಿಗೂ ಇರೋ ನಿಯಮ. ಎಂಜಲಿನ ದಾರಕ್ಕೆಲ್ಲ ಹೆದರ್ಬೇಡಿ. ಮಾಸ್ಟರ್ ತಪಾಸಣೆಗೆ ಬರೋದನ್ನ ಮಾತ್ರ ತಪ್ಪಿಸ್ಬಾರದು.”

ಹೋದ ಜೀವ ಬಂದ ಹಾಗಾಯಿತು. ಆದರೆ ನೆಮ್ಮದಿ ಬೀದಿಯ ತಿರುವಿನವರೆಗೂ ನಿಲ್ಲಲಿಲ್ಲ. ಮೈ ಮರೆತಿರಲಿಲ್ಲ ಸರಿ, ಮರೆತದ್ದು ತಾನೇ ಅಲ್ಲವೇ? ಏನೆಂದು ಹೇಳುವುದು ಅವನಿಗೆ?

ಅಂಗಡಿಗೆ ಬಂದರೆ ಅವಳ ಸ್ಟೂಲಿನ ಮೇಲೆ ಒಂದು ಪುಟ್ಟ ಡಬ್ಬಿ ಇತ್ತು. ತೆರೆದು ನೋಡಿದಳು. ಕನ್ನಡಕ.

“ಕಾಣ್ಸಲ್ಲ ಅಂದ್ಯಲ್ಲ,” ಎಂದ ಮಾಸ್ಟರ್, ಮಷೀನಿನಿಂದ ತಲೆಯೆತ್ತದೆ.

ಅವಳು ಡಬ್ಬಿ ಮುಚ್ಚಿದಳು. “ಕಣ್ಣು ಚೆನ್ನಾಗೇ ಇದೆ ಕಣ್ರೀ. ಲಸಿಕೆ ಶಕ್ತಿ ಹೋಯ್ತು ಅಂತ ಹೆದರ್ಕೊಂಡು ಸುಳ್ಳು ಹೇಳ್ದೆ. ಹೋಗಿಲ್ವಂತೆ. ಬೂಸ್ಟರ್ ಕೂಡ ಬೇಡ್ವಂತೆ.”

“ಹೆದರಿದ್ದೀಯ ಅಂತ ಗೊತ್ತಿತ್ತು.”

“ಗೊತ್ತಿದ್ದೂ ನನಗ್ಯಾಕೆ ತಂದ್ರಿ? ನಿಮಗೇ ತಗೊಂಡಿದ್ರೆ ದಾರಿಹೋಕರ ಮುಂದೆ ಕೈಚಾಚೋದು ತಪ್ತಿತ್ತಲ್ಲ!”

ಮಷೀನು ನಿಂತಿತು. ಮಾಸ್ಟರ್ ತಲೆಯೆತ್ತಿದ.

“ನನಗೆ ಕಣ್ಣು ಕಂಡ್ಬಿಟ್ರೆ ನೀನ್ಯಾಕೆ ಪೋಣಿಸ್ಕೊಡ್ತೀಯ?”

ಇಷ್ಟು ವರ್ಷ ಜಂಭ ಅಂದುಕೊಂಡಿದ್ದಳಲ್ಲ, ಪುಣ್ಯಾತ್ಗಿತ್ತಿ! ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೇಜಿನ ಆ ತುದಿಗೆ ಹೋದಳು. ಹಳೆಯ ಮೆತ್ತೆಯಿಂದ ಅವನ ಸೂಜಿ ಕಿತ್ತು, ಅವನು ನೆಕ್ಕಿ ಒದ್ದೆ ಮಾಡಿಟ್ಟಿದ್ದ ದಾರದ ತುದಿಯನ್ನು ಕೈಗೆ ತೆಗೆದುಕೊಂಡಳು. ಕಣ್ಣು ತುಂಬಿದ್ದರಿಂದ ಅವಳಿಗೂ ಸೂಜಿಯ ಕಣ್ಣು ಕಾಣಲಿಲ್ಲ.

“ತಾಳ್ರೀ,” ಎಂದಳು, “ಪೋಣಿಸ್ತೀನಿ.”