ಡೆಬಿಯನ್ ಬೇಡವೆಂದವಳು

ಸುಳ್ಳು ಹೇಳಿದವಳು ನಾನು, ನಯಾಜ್. ಚನ್ನಪಟ್ಟಣದ ನಮ್ಮ ಕಾಲೇಜು ಲೈಬ್ರರಿಯ ಸರ್ವರ್‌ಗೆ ಹಲವು ಬಗೆಯ ಲಿನಕ್ಸ್‌ಗಳಲ್ಲಿ ಯಾವುದನ್ನು ಹಾಕಬೇಕೆಂದು ತೀರ್ಮಾನಿಸಿದವಳು ನಾನು — ಅದು ಕೆಟ್ಟು ನಿಂತಾಗ ನಿಮ್ಮ ಹೆಸರು ಹೇಳಿದವಳೂ ನಾನೇ.

ಹದಿನೆಂಟು ವರ್ಷವಾಯಿತು. ಆಗ ನೀವು ಕಂಪ್ಯೂಟರ್ ಲ್ಯಾಬಿನಲ್ಲಿ ತಾತ್ಕಾಲಿಕ ಕೆಲಸದಲ್ಲಿದ್ದಿರಿ. ಜೂನ್‌ಗೆ ಕಾಯಂ ಮಾಡುತ್ತೇನೆಂದು ಪ್ರಾಂಶುಪಾಲರು ಮಾತು ಕೊಟ್ಟಿದ್ದರು. ಲೈಬ್ರರಿ ಸಾಫ್ಟ್‌ವೇರನ್ನು ಯಾವ ಲಿನಕ್ಸ್ ಮೇಲೆ ಕೂರಿಸುವುದೆಂದು ನಾನು ಕೇಳಿದಾಗ ಎರಡು ಸಿ.ಡಿ. ತಂದು ಮೇಜಿನ ಮೇಲಿಟ್ಟಿರಿ — ಒಂದು ಡೆಬಿಯನ್, ಇನ್ನೊಂದು ಆಗಷ್ಟೇ ಬಂದಿದ್ದ ಬೇರೊಂದು ಲಿನಕ್ಸ್.

“ಡೆಬಿಯನ್ನೇ ಇರ್ಲಿ ಮೇಡಂ. ಒಸಿ ಹಳೇದು ಅನ್ನಿಸ್ತೈತೆ, ಆದ್ರೆ ಕೈ ಕೊಡಾಕಿಲ್ಲ.”

ನಾನು ಲೈಬ್ರೇರಿಯನ್ — ಒಂದೇ ಪುಸ್ತಕದ ಎರಡು ಆವೃತ್ತಿ ಇದ್ದರೆ ಕಣ್ಣು ಮುಚ್ಚಿಕೊಂಡು ಹೊಸದನ್ನೇ ತರಿಸಿ ಅಭ್ಯಾಸ. ಇಲ್ಲೂ ಅದೇ ಬುದ್ಧಿ ಓಡಿಸಿದೆ. ತಾರೀಖು ನೋಡಿ, ಹೊಸ ಸಿ.ಡಿ.ಯನ್ನೇ ಎತ್ತಿಕೊಂಡೆ. ನೀವು ಇನ್ನೊಮ್ಮೆ ಹೇಳಿದಿರಿ, ಆಮೇಲೆ ಸುಮ್ಮನೆ ಹಾಕಿಕೊಟ್ಟಿರಿ. ಮೂರು ತಿಂಗಳಿಗೆ ಅದಕ್ಕಿಂತ ಹೊಸದು ಬಂತೆಂದು, ನಿಮ್ಮನ್ನು ಒಂದು ಮಾತೂ ಕೇಳದೆ, ಅದನ್ನು ನಾನೇ ಹಾಕಿಬಿಟ್ಟೆ. ಅಲ್ಲಿಗೆ ಸಾಫ್ಟ್‌ವೇರ್ ಏಳಲೇ ಇಲ್ಲ. ಪರೀಕ್ಷೆಯ ಸಮಯ ಬೇರೆ. ಪುಸ್ತಕಕ್ಕಾಗಿ ವಿದ್ಯಾರ್ಥಿಗಳು ಮೆಟ್ಟಿಲವರೆಗೂ ಸಾಲು ನಿಂತಿದ್ದರು.

“ಯಾರಮ್ಮ ಇದನ್ನ ಆರಿಸಿದ್ದು?” ಪ್ರಾಂಶುಪಾಲರು ಕೇಳಿದರು.

“ನಯಾಜ್, ಸಾರ್.”

ನೀವು ಬಾಗಿಲಲ್ಲೇ ಇದ್ದಿರಿ. ನನ್ನ ಮುಖ ನೋಡಿದಿರಿ, ಅಷ್ಟೇ. ಆ ವಾರವೇ ಡೆಬಿಯನ್ ಹಾಕಿ ಎಲ್ಲವನ್ನೂ ಸರಿ ಮಾಡಿಕೊಟ್ಟಿರಿ. ಜೂನ್‌ನಲ್ಲಿ ಕಾಯಂ ಆದವರ ಪಟ್ಟಿಯಲ್ಲಿ ನಿಮ್ಮ ಹೆಸರು ಇರಲಿಲ್ಲ. ಅಣ್ಣನ ಬೊಂಬೆ ಅಂಗಡಿಗೆ ಹೋಗಿ ಕೂತಿರಿ.

ನಾನು ನಿವೃತ್ತಳಾಗುವವರೆಗೂ ಸರ್ವರ್ ಮತ್ತೆ ತೊಂದರೆ ಕೊಡಲಿಲ್ಲ. ಮಾಗಡಿ, ಕನಕಪುರದ ಕಾಲೇಜುಗಳವರು ಬಂದು ನೋಡಿ ಮೆಚ್ಚಿಕೊಂಡರು. ಮುಚ್ಚಿಡುವುದೇಕೆ — ನಾನು ಸುಖವಾಗಿ ಕೆಲಸ ಮಾಡಿದೆ, ಈಗಲೂ ನೆಮ್ಮದಿಯಾಗಿದ್ದೇನೆ. ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಸಿಕ್ಕಿದಾಗ ನೀವು ಮೊದಲು ಕೇಳಿದ್ದು, “ಸರ್ವರ್ ಚೆನ್ನಾಗೈತಾ ಮೇಡಂ?” ಎಂದು. ಹೂಂ ಅಂದೆ. ಉಳಿದದ್ದನ್ನು ಹೇಳಲು... ಬಾಯಿ ಬರಲಿಲ್ಲ. ನಾಚಿಕೆಯಾಯಿತು, ನಯಾಜ್.

ನಿನ್ನೆ ರಾಮನಗರಕ್ಕೆ ಹೋಗಿ, ಆ ಪ್ರಾಂಶುಪಾಲರ ಮನೆಯಲ್ಲಿ ಕೂತು, ನಡೆದದ್ದನ್ನೆಲ್ಲ ಹೇಳಿದೆ. ಅವರಿಗೂ ವಯಸ್ಸಾಗಿದೆ.

“ಹೋಗ್ಲಿ ಬುಡಮ್ಮ, ಎಲ್ಲ ಚೆನ್ನಾಗೇ ಆಯ್ತಲ್ಲ” ಎಂದರು.

“ನಮಗೆ ಚೆನ್ನಾಗಾಯ್ತು ಸಾರ್” ಎಂದೆ. “ನಯಾಜ್‌ಗೆ ಆಗಲಿಲ್ಲ.”